ಹಲ್ಲಿನ ಗುರುತು

ತೂಕದ ಮಷೀನು ಸುಳ್ಳು ಹೇಳುತ್ತಿದೆ ಎಂಬ ಅನುಮಾನ ಡಾಕ್ಟರಮ್ಮನಿಗೆ ಬೆಳಿಗ್ಗೆ ಬಾಗಿಲು ತೆಗೆಸಿದಾಗಲೇ ಬಂದಿತ್ತು. ಬಡಕಲು ಮಕ್ಕಳಿಗೆ ಸಂಸ್ಥೆಯೊಂದು ಆಹಾರದ ಪೊಟ್ಟಣ ಹಂಚುತ್ತಿದ್ದ ಅವಳ ಕೇಂದ್ರ ಒಂದು ಮುಚ್ಚಿಹೋದ ಸಿನಿಮಾ ಟಾಕೀಸು. ಕುರ್ಚಿಗಳನ್ನು ಕಿತ್ತು ಸಾಗಿಸಿದವರಿಗೆ ನೆಲದ ಇಳಿಜಾರನ್ನು ಕಿತ್ತು ಸಾಗಿಸಲು ಆಗಿರಲಿಲ್ಲ. ಎಲ್ಲವೂ ಪರದೆಯ ಕಡೆಗೆ ಜಾರುತ್ತಿತ್ತು, ಬಿದ್ದ ಪೆನ್ನು, ಚೆಲ್ಲಿದ ನೀರು, ಒಮ್ಮೊಮ್ಮೆ ಮಕ್ಕಳು. ಮಷೀನಿನ ತಗ್ಗಿನ ಕಡೆಯ ಕಾಲುಗಳ ಕೆಳಗೆ ರಟ್ಟು ಮಡಚಿ ಇಟ್ಟು ಸಮ ಮಾಡಿಕೊಳ್ಳುವುದು ದಿನದ ಮೊದಲ ಕೆಲಸ. ಇವತ್ತು ರಟ್ಟು ಒಂದಿಷ್ಟು ಪಕ್ಕಕ್ಕೆ ಸರಿದಿತ್ತು. ನೆಲ ಒರೆಸುವವಳ ಕೋಲು ತಗುಲಿ ಸರಿದಿರಬೇಕು ಎಂದು ಬೇರೆ ಯಾರಾದರೂ ಅಂದುಕೊಂಡು ಸುಮ್ಮನಾಗುತ್ತಿದ್ದರು. ಡಾಕ್ಟರಮ್ಮ ಹಾಗೆ ಸುಮ್ಮನಾಗುವ ಪೈಕಿ ಅಲ್ಲ. ತೂಕ ಕಡಿಮೆ ತೋರಿಸಿದರೆ ಯಾರಿಗೆ ಲಾಭ? ತಾಯಂದಿರಿಗೆ, ಇನ್ನಷ್ಟು ವಾರ ಪೊಟ್ಟಣ ಸಿಗುತ್ತದೆ. ಜಾಸ್ತಿ ತೋರಿಸಿದರೆ? ಸಂಸ್ಥೆಗೆ, ಮಕ್ಕಳು ಗುಣವಾದರು ಎಂದು ಹೇಳಿಕೊಳ್ಳಬಹುದು. ಎರಡು ಕಡೆಯೂ ಕಾರಣ ಸಿಕ್ಕ ಮೇಲೆ ಅವಳಿಗೆ ಒಂಥರಾ ಸಮಾಧಾನವಾಯಿತು. ಚಪ್ಪಲಿ ಬಿಟ್ಟು ತಾನೇ ಮಷೀನಿನ ಮೇಲೆ ಹತ್ತಿ ನಿಂತಳು. ಮುಳ್ಳು ತೋರಿಸಿದ್ದನ್ನು ನೋಡಿ, ಅದನ್ನೂ ನಂಬದೆ ಇಳಿದಳು.

ಆದರೆ ಅವಳ ಕಣ್ಣು ಮಷೀನಿಗಿಂತ ಹೆಚ್ಚಾಗಿ ಬಾಗಿಲ ಕಡೆಗೇ ಇತ್ತು. ಹೋದ ವಾರ ಪೊಟ್ಟಣ ಕೊಡದೆ ಕಳಿಸಿದ ಕತ್ತರಿಯವಳು ಇನ್ನೂ ಬಂದಿರಲಿಲ್ಲ. ಬಂದೇ ಬರುತ್ತಾಳೆ, ಬರದೆ ಎಲ್ಲಿಗೆ ಹೋಗುತ್ತಾಳೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಬರದಿದ್ದರೆ ತಾನು ಹೇಳಿದ್ದೇ ನಿಜವಾಯಿತು, ಸಿಕ್ಕಿಬಿದ್ದವಳು ಮುಖ ತೋರಿಸುವುದಿಲ್ಲ ಎಂದು ಇನ್ನೊಂದು ಗಳಿಗೆ. ಸಾಲು ಆಗಲೇ ಹೊರಗಿನ ಮೆಟ್ಟಿಲವರೆಗೆ ಬೆಳೆದಿತ್ತು. ಹೊಳೆ ಉಕ್ಕಿ ಊರುಗಳನ್ನು ತೊಳೆದುಕೊಂಡು ಹೋದ ಮೇಲೆ ಇವರೆಲ್ಲ ಪಟ್ಟಣದ ಅಂಚಿನ ಗೋದಾಮುಗಳಲ್ಲಿ ಬಂದು ತುಂಬಿಕೊಂಡಿದ್ದರು. ವಾರಕ್ಕೊಮ್ಮೆ ಮಕ್ಕಳನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತಿದ್ದರು. ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದು, ತೂಗುವುದು. ಪಟ್ಟಿ ಕೆಂಪಿನಲ್ಲಿ ನಿಂತರೆ ಕಡಲೆಕಾಯಿ, ಹಾಲಿನಪುಡಿ, ಸಕ್ಕರೆ ಅರೆದು ತುಂಬಿದ ಪೊಟ್ಟಣಗಳು, ಆ ಮಗುವಿಗೆ ಮಾತ್ರ. ಹಸಿರಿನಲ್ಲಿ ನಿಂತರೆ ಶಹಬ್ಬಾಸ್ ಎಂದು ಬೆನ್ನು ತಟ್ಟಿ ಬರಿಗೈಯಲ್ಲಿ ಕಳಿಸುವುದು. ಹಸಿರು ಕಂಡಾಗ ತಾಯಂದಿರ ಮುಖ ಬಾಡುವುದನ್ನು ಡಾಕ್ಟರಮ್ಮ ಮೊದಮೊದಲು ನಂಬಿರಲಿಲ್ಲ. ಮಗು ದಪ್ಪಗಾಯಿತಲ್ಲ, ನಗಬೇಕಲ್ಲವೇ? ಒಂದು ಕೂಸನ್ನು ಸಣಕಲಾಗಿ ಇಟ್ಟುಕೊಂಡರೆ ಉಳಿದ ಮೂವರ ಬಾಯಿಗೂ ಒಂದೊಂದು ತುತ್ತು ಹೋಗುತ್ತದೆ ಎನ್ನುವ ಲೆಕ್ಕ ಅವಳಿಗೆ ಹೊಳೆದ ದಿನ ಊಟ ಸೇರಿರಲಿಲ್ಲ. ಆಮೇಲೆ ಊಟ ಸೇರಿತು, ಆ ಲೆಕ್ಕವೊಂದು ತಲೆಯಲ್ಲಿ ಉಳಿದುಕೊಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಡಾಕ್ಟರುಗಳಿಗೂ ಕಾಮಾಲೆ ಬರುತ್ತದೆ.

ಪೊಟ್ಟಣ ಕೊಡುವ ಕೆಲಸ ಟಿಕೆಟ್ ಮಾಮನದು. ಟಾಕೀಸು ನಡೆಯುತ್ತಿದ್ದ ಕಾಲದಲ್ಲಿ ಅರ್ಧಚಂದ್ರದ ಆ ಕಿಂಡಿಯ ಹಿಂದೆ ಕೂತು ಟಿಕೆಟ್ ಹರಿದುಕೊಡುತ್ತಿದ್ದವನು ಈಗ ಅದೇ ಕಿಂಡಿಯಿಂದ ಪೊಟ್ಟಣ ದಾಟಿಸುತ್ತಿದ್ದ. ತಾಯಂದಿರನ್ನು ಅವನು ಇವತ್ತಿಗೂ 'ಆಡಿಯನ್ಸು' ಅನ್ನುತ್ತಿದ್ದುದು. "ಬ್ಲಾಕಲ್ಲಿ ಟಿಕೆಟ್ ಮಾರೋರ್ನ ಮುಖ ನೋಡಿ ಹಿಡೀತಿದ್ದೆ ಡಾಕ್ಟ್ರಮ್ಮ. ಇವ್ರೇನು ಮಹಾ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ನೆ ಅಂದ್ರಾ ದೊಡ್ಡೋರು?" ಎಂದು ಅವನು ಅಂದ ಸಂಜೆಯೇ ಡಾಕ್ಟರಮ್ಮ ಬಜಾರಿನಲ್ಲಿ ಆ ಪೊಟ್ಟಣವನ್ನು ನೋಡಿದ್ದಳು. ಮೀಸೆ ಬಂದ ಗಂಡಸೊಬ್ಬ ಅಂಗಡಿ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು, ಸಂಸ್ಥೆಯ ಗುರುತಿದ್ದ ಪೊಟ್ಟಣವನ್ನು ಬಾಯಿಗೆ ಹಿಂಡಿಕೊಳ್ಳುತ್ತಿದ್ದ. ಯಾರೋ ತನ್ನ ಕೆನ್ನೆಗೆ ಹೊಡೆದ ಹಾಗೆ ಅವಳು ರಸ್ತೆಯಲ್ಲಿ ನಿಂತುಬಿಟ್ಟಿದ್ದಳು. ನಗರದ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು, ತಂಗಿಯ ಹತ್ತಿರ 'ನಿಂಗೇನು ತಲೆ ಕೆಟ್ಟಿದೆಯಾ ಅಕ್ಕಾ' ಅನ್ನಿಸಿಕೊಂಡು, ಈ ಇಳಿಜಾರಿನಲ್ಲಿ ಬಂದು ನಿಂತದ್ದು ಆ ಮೀಸೆಗಾಗಿಯೇ? ಮರುವಾರವೇ ಅವಳು ಪದ್ಧತಿ ತಂದಳು: ತಿಂದು ಮುಗಿದ ಖಾಲಿ ಪೊಟ್ಟಣ ವಾಪಸು ತಂದರೆ ಮಾತ್ರ ಹೊಸದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ಇಲ್ಲಿ ದಾನ ಕೊಟ್ಟವರೇ ಇಸ್ಕೊಂಡವರ ಹಲ್ಲು ನೋಡತೊಡಗಿದರು. ನಿಜವಾಗಿಯೂ ಹಲ್ಲೇ. ಹಸಿದ ಮಗು ಪೊಟ್ಟಣದ ಮೂಲೆಯನ್ನು ಕಚ್ಚಿ ಎಳೆಯುತ್ತದೆ, ಅಂಚು ನುಜ್ಜುಗುಜ್ಜಾಗುತ್ತದೆ, ಸಣ್ಣ ಸಣ್ಣ ಹಲ್ಲಿನ ಗುರುತು ಉಳಿಯುತ್ತದೆ, ಒಳಗೆ ಅಂಟು, ಹೊರಗೆ ಧೂಳು. ಇದನ್ನು ಕಂಡುಹಿಡಿದದ್ದು ತಾನು ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು.

ಹಾಗಾಗಿ ಕತ್ತರಿಯವಳು ಹೋದ ವಾರ ತಂದ ಪೊಟ್ಟಣಗಳು ಕಿಂಡಿಯಲ್ಲಿ ನಿಂತುಹೋದವು. ಒಂದೊಂದರ ತಲೆಯನ್ನೂ ಕತ್ತರಿಯಿಂದ ನೇರಕ್ಕೆ ಕತ್ತರಿಸಿತ್ತು. ಒಳಗೆ ಒಂದು ಚೂರು ಅಂಟಿಲ್ಲ, ತೊಳೆದು ಒಣಗಿಸಿ ಒಂದರ ಮೇಲೊಂದು ಜೋಡಿಸಿತ್ತು. ಅವಳ ಮಗು ಮಾತ್ರ ತಿಂಗಳಿಂದ ಒಂದು ಗುಲಗಂಜಿಯಷ್ಟೂ ತೂಕ ಏರಿರಲಿಲ್ಲ. ಟಿಕೆಟ್ ಮಾಮ ಪೊಟ್ಟಣಗಳನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮನ ಕಡೆ ನೋಡಿ ಹುಬ್ಬು ಹಾರಿಸಿದ. ಮಾರಿದ ಮೇಲೆ ಅಂಗಡಿಯವನಿಂದ ಖಾಲಿಗಳನ್ನು ಮಾತ್ರ ವಾಪಸು ಇಸ್ಕೊಂಡಿದ್ದಾಳೆ. ಮೂರು ವರ್ಷದ ಮಗುವಿಗೂ ತಿಳಿಯುವ ಸಂಗತಿ.

"ಇದನ್ನ ಯಾರು ಕತ್ತರಿಸಿದ್ದು?"

"ನಾನೇ ಅಮ್ಮಾ."

"ಯಾಕೆ, ಮಗುಗೆ ಹಲ್ಲಿಲ್ವಾ?"

"ಇದಾವೆ. ಚೀಪಕ್ಕೆ ಆಗಲ್ಲ ಅದಕ್ಕೆ. ಎರಡು ಸಲ ಚೀಪೋ ಅಷ್ಟರಲ್ಲಿ ಸುಸ್ತಾಗ್ಬಿಡುತ್ತೆ. ತಿನ್ನೋವಾಗ ತಲೆಯೆಲ್ಲ ಬೆವರುತ್ತೆ ಅಮ್ಮಾ. ಅದಕ್ಕೇ ಪಕ್ಕದ ದರ್ಜಿ ಹತ್ರ ಕತ್ತರಿ ಇಸ್ಕೊಂಡು, ನೀರಲ್ಲಿ ಕಲಸಿ ಚಮಚದಲ್ಲಿ..."

"ಈ ಸೆಕೆಗೆ ನಾನೂ ಬೆವರ್ತೀನಿ," ಎಂದಿದ್ದಳು ಡಾಕ್ಟರಮ್ಮ. ಸಾಲಿನಲ್ಲಿ ನಿಂತವರು ನಕ್ಕರು. ಆ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದು ನಿಜ, ಈಗ ಮಗುವೊಂದರ ತೋಳಿಗೆ ಪಟ್ಟಿ ಸುತ್ತುತ್ತಾ ಅದನ್ನು ನೆನೆದಾಗ ಅವಳ ಬೆರಳು ಪಟ್ಟಿಯನ್ನು ಇನ್ನಷ್ಟು ಎಳೆಯಿತು. "ತೊಳೆದದ್ದು ಯಾಕೆ ಮತ್ತೆ?" ಎಂದು ಕೇಳಿದ್ದಕ್ಕೆ ಆ ಹೆಂಗಸು, "ನಿಮ್ಮ ಕೈಗೆ ಎಂಜಲು ಹ್ಯಾಗೆ ಕೊಡ್ಲಿ?" ಅಂದಿದ್ದಳು. ಅದು ಎಷ್ಟು ಚೆನ್ನಾಗಿ ಹೆಣೆದ ಉತ್ತರ ಅನ್ನಿಸಿತೆಂದರೆ, ಅದುವರೆಗೆ ಯಾವ ತಾಯಿಯನ್ನೂ ಬಹುವಚನ ಬಿಟ್ಟು ಕರೆಯದಿದ್ದ ಡಾಕ್ಟರಮ್ಮನ ನಾಲಿಗೆ ತಾನಾಗಿ ಏಕವಚನಕ್ಕೆ ಇಳಿಯಿತು. "ನೀನು ಮಾರ್ಕೊಂಡಿದೀಯ. ಕಳ್ಳಿ ನೀನು. ಮಗುಗೆ ಏನೂ ಆಗಿಲ್ಲ, ತಿನ್ನಿಸಿದ್ರೆ ಸರಿಹೋಗುತ್ತೆ. ಈ ವಾರ ನಿಂಗಿಲ್ಲ. ಹೋಗು." ಆ ಹೆಂಗಸು ಕಿಂಡಿಯ ಕಟ್ಟೆಯ ಮೇಲೆ ಉಳಿದ ಖಾಲಿ ಪೊಟ್ಟಣಗಳನ್ನು ಒಮ್ಮೆ ನೋಡಿದಳು, ತಾನು ಎಲ್ಲಿ ತಪ್ಪಿದೆ ಎಂದು ಕಲಿಯುವವಳ ಹಾಗೆ. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ಇಲ್ಲೇ ತಿಂದು ಹೋಗು. ಡಾಕ್ಟರಮ್ಮನ ತಲೆಯಲ್ಲಿ ತನ್ನ ಸ್ವಂತ ಅಮ್ಮನ ಹಳೆಯ ಧ್ವನಿ. ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ಅಮ್ಮ ದಿನಾ ತಟ್ಟೆಯಲ್ಲಿ ಹಾಕಿ ಕೊಡುತ್ತಿದ್ದಳು, ಉಳಿದದ್ದಲ್ಲ, ತಮಗೆ ಮಾಡಿದ್ದನ್ನೇ. ಊರಲ್ಲೆಲ್ಲ ಅಮ್ಮನ ಧಾರಾಳದ ಹೆಸರಿತ್ತು. ಆದರೆ ಮನೆಗೆ ಒಯ್ಯುವ ಹಾಗಿಲ್ಲ. "ಇಲ್ಲೇ ತಿಂದು ಹೋಗು. ಅಲ್ಲಿ ನಿನ್ ಗಂಡ ತಿಂತಾನೆ, ನೀನು ಉಪವಾಸ ಬೀಳ್ತೀಯ. ನಿನ್ ಒಳ್ಳೇದಕ್ಕೇ ಹೇಳ್ತಿರೋದು." ಹಿತ್ತಿಲ ಬಾಗಿಲಲ್ಲಿ ಕೂತು ಆಕೆ ನುಂಗುವುದನ್ನು ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು, ಪ್ರೀತಿಯಿಂದಲೇ. ಒಂದು ದಿನ ಆಕೆ ಸೆರಗಿನೊಳಗೆ ಏನೋ ಮುಚ್ಚಿಕೊಂಡದ್ದನ್ನು ಪಾಠ ಬರೆಯುತ್ತಾ ಕೂತಿದ್ದ ಡಾಕ್ಟರಮ್ಮನೇ ನೋಡಿ ಹೇಳಿದ್ದಳು. ಅಮ್ಮ ಬೈಯಲಿಲ್ಲ. "ತೆಗಿ" ಎಂದಳು ಅಷ್ಟೆ. ಸೆರಗು ಬಿಚ್ಚಿದಾಗ ಕೆಳಗೆ ಬಿದ್ದ ತುತ್ತನ್ನು ಕಾಗೆ ಎತ್ತಿಕೊಂಡು ಹೋಯಿತು. ಅಮ್ಮನ ಹಾಗೆ ತಾನು ಆಗುವುದಿಲ್ಲ ಎಂದು ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ಎಷ್ಟೋ ಸಲ ವಾದಿಸಿದ್ದುಂಟು. ಕೊಡುವುದಾದರೆ ನೋಡದೆ ಕೊಡಬೇಕು ಎಂದು. ಅಮ್ಮ ಒಬ್ಬಳನ್ನು ನೋಡುತ್ತಿದ್ದಳು. ಇವಳೀಗ ಒಂದು ಟಾಕೀಸು ತುಂಬ ಜನವನ್ನು ನೋಡುತ್ತಿದ್ದಾಳೆ.

"ಡಾಕ್ಟ್ರಮ್ಮ, ಪಟ್ಟಿ ಬಿಗಿಯಾಯ್ತು," ಎಂದಳು ಎದುರಿಗಿದ್ದ ತಾಯಿ. ಮಗುವಿನ ತೋಳು ಬಿಳಿಚಿಕೊಂಡಿತ್ತು. ಡಾಕ್ಟರಮ್ಮ ಥಟ್ಟನೆ ಸಡಿಲಿಸಿದಳು. ಬಿಗಿ ಹಿಡಿದರೆ ಕೆಂಪು, ಸಡಿಲ ಬಿಟ್ಟರೆ ಹಸಿರು. ತನ್ನ ಬೆರಳೂ ಸುಳ್ಳು ಹೇಳಬಲ್ಲದು ಎಂದು ಅವಳಿಗೆ ಆಗ ಹೊಳೆಯಿತು.

ಬಿಸಿಲು ಮೇಲೇರುವ ಹೊತ್ತಿಗೆ ಸಂಸ್ಥೆಯ ಗಾಡಿ ಬಂತು. ಇಳಿದವನು ಮೇಲಿನ ಕಚೇರಿಯ ಸಂಯೋಜಕ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೇ ಬೂಟು, ಒಳ್ಳೇ ಮಾತು. ಅವನ ಕೈಯಲ್ಲೊಂದು ಉದ್ದನೆಯ ಸುರುಳಿಯಿತ್ತು. "ಡಾಕ್ಟ್ರೇ, ನಿಮ್ಮ ಖಾಲಿ ಪೊಟ್ಟಣದ ಪದ್ಧತಿನ ಎಲ್ಲಾ ಕೇಂದ್ರಗಳಲ್ಲೂ ತರ್ತಿದೀವಿ. ನಿಮ್ಮ ಹತ್ರ ಸೋರಿಕೆ ಅನ್ನೋದೇ ಇಲ್ವಲ್ಲ, ದುಡ್ಡು ಕೊಡೋರಿಗೆ ತುಂಬಾ ಖುಷಿ," ಎಂದ. ಅವಳಿಗೂ ಖುಷಿಯಾಯಿತು, ಕೂಡಲೇ ಆ ಖುಷಿಯ ಮೇಲೆ ಅನುಮಾನವಾಯಿತು. ಸೋರಿಕೆ ಇಲ್ಲ ಅಂದರೆ ಮಕ್ಕಳು ಗುಣವಾಗಿದ್ದಾರೆ ಅಂತಲ್ಲ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅವನು ಸುರುಳಿ ಬಿಚ್ಚಿದ. ಹಿಂದೆ ಸಿನಿಮಾದ ಪೋಸ್ಟರು ಹಾಕುತ್ತಿದ್ದ ಗಾಜಿನ ಚೌಕಟ್ಟಿನಲ್ಲಿ ಟಿಕೆಟ್ ಮಾಮ ಅದನ್ನು ನಾಲ್ಕು ಮೂಲೆಗೆ ಪಿನ್ನು ಚುಚ್ಚಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ನೂರು ದಿನ ಓಡುತ್ತೆ ಬಿಡಿ," ಎಂದ.

ಪೋಸ್ಟರಿನಲ್ಲಿ ಡಾಕ್ಟರಮ್ಮ ಇದ್ದಳು. ಕಿವಿಯಲ್ಲಿ ಸ್ಟೆತಾಸ್ಕೋಪು, ಅದರ ಇನ್ನೊಂದು ತುದಿ ಒಂದು ಮಗುವಿನ ಎದೆಯ ಮೇಲೆ, ಮುಖ ಕ್ಯಾಮೆರಾದ ಕಡೆಗೆ, ತುಂಬು ನಗು. ಮಗು ಕತ್ತರಿಯವಳದು. ತಾಯಿಯನ್ನು ಅಂಚಿನಲ್ಲಿ ಕತ್ತರಿಸಿ ತೆಗೆದಿದ್ದರು; ಚಮಚ ಹಿಡಿದ ಒಂದು ಕೈ ಮಾತ್ರ ಒಳಗೆ ಉಳಿದಿತ್ತು. "ತಾಯಿದು ಕೈ ಬಂದಿದೆಯಲ್ಲ, ಸಾಕು," ಎಂದ ಸಂಯೋಜಕ, ಅವಳ ನೋಟವನ್ನು ತಪ್ಪಾಗಿ ತಿಳಿದುಕೊಂಡು. ಅವಳು ನೋಡುತ್ತಿದ್ದದ್ದು ಮಗುವಿನ ಹಣೆಯನ್ನು. ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಮೇಲ್ದುಟಿಯ ಮೇಲೆ ಹನಿಗಳು ನಿಂತಿದ್ದವು. ಮುದ್ರಣದ ದೋಷವಿರಬೇಕೆಂದು ಹೆಬ್ಬೆರಳಿನಿಂದ ಉಜ್ಜಿದಳು, ಹನಿ ಹೋಗಲಿಲ್ಲ. ಫೋಟೋ ತೆಗೆದ ದಿನ ಸೆಕೆ ಇರಲಿಲ್ಲ. ಪೋಸ್ಟರಿನಲ್ಲಿ ತಾನೇ ಸ್ವೆಟರು ಹಾಕಿಕೊಂಡಿದ್ದಾಳೆ.

ಅವತ್ತು ಏನು ಕೇಳಿಸಿತ್ತು? ನೆನಪಿಸಿಕೊಳ್ಳಲು ನೋಡಿದಳು. ಕಿವಿಗೆ ಕೊಳವೆ ಹಾಕಿಕೊಂಡೂ ಅವಳಿಗೆ ಕೇಳಿಸಿದ್ದು ಫೋಟೋದವನ ಮಾತೊಂದೇ: ಸ್ವಲ್ಪ ಈ ಕಡೆ, ಇನ್ನೊಂಚೂರು ನಗಿ, ಹಾಂ ಹಾಗೇ ಇರಿ. ಅದನ್ನು ಬಿಟ್ಟರೆ ಆ ಮಗುವಿನ ಎದೆಗೆ ಅವಳು ಮತ್ತೆ ಸ್ಟೆತಾಸ್ಕೋಪು ಇಟ್ಟದ್ದಿಲ್ಲ. ಇಲ್ಲಿಯ ಕಾಯಿಲೆಯ ಹೆಸರು ಹಸಿವು, ಅದಕ್ಕೆ ಪಟ್ಟಿ ಸಾಕು. ಚೀಪುವಾಗ ಆಯಾಸ, ಹಣೆಯಲ್ಲಿ ಬೆವರು, ಎಷ್ಟು ಉಣ್ಣಿಸಿದರೂ ಏರದ ತೂಕ. ಏನಮ್ಮಾ ಇದು, ಹೇಳಿ ನೋಡೋಣ? ಕೊನೆಯ ವರ್ಷದ ಪರೀಕ್ಷೆಯಲ್ಲಿ ಮೇಜಿನಾಚೆ ಕೂತ ಮೇಷ್ಟ್ರು ಕೇಳಿದ್ದರು, ಅವಳು ಅವರು ಪ್ರಶ್ನೆ ಮುಗಿಸುವ ಮೊದಲೇ ಗಿಳಿಯ ಹಾಗೆ ಒಪ್ಪಿಸಿದ್ದಳು. ಹೃದಯದಲ್ಲಿ ತೂತು ಸಾರ್. ಆ ಲಕ್ಷಣಗಳಲ್ಲಿ ಮೊದಲೆರಡನ್ನು ಹೋದ ವಾರ ಒಬ್ಬ ಹೆಂಗಸು ತನ್ನ ಭಾಷೆಯಲ್ಲಿ ಅದೇ ಕ್ರಮದಲ್ಲಿ ಹೇಳಿದಾಗ, ಮೂರನೆಯದನ್ನು ತೂಕದ ಮಷೀನೇ ತೋರಿಸಿದಾಗ, ಇವಳಿಗೆ ತೋರಿದ್ದು ಒಂದೇ, ಕಳ್ಳಿ ಚೆನ್ನಾಗಿ ಮಾತಾಡುತ್ತಾಳೆ ಎಂದು. ಇಲ್ಲ, ಬರೀ ಕ್ಯಾಮೆರಾ ದೀಪದ ಹೊಳಪಿರಬಹುದು, ಪೋಸ್ಟರು ನೋಡಿ ಯಾರಾದರೂ ರೋಗ ಹೇಳುತ್ತಾರೆಯೇ ಎಂದು ತನ್ನನ್ನೇ ಗದರಿಸಿಕೊಂಡಳು. ಹೋದ ವಾರವೂ ಸಂಸ್ಥೆಯ ಗಾಡಿ ಪೊಟ್ಟಣ ಇಳಿಸಿ ನಗರಕ್ಕೆ ಹೋಗಿತ್ತು, ಖಾಲಿ. ಅವಳು ಬಾಗಿಲಿಗೆ ಹೋಗಿ ಸಾಲಿನ ತುದಿಯವರೆಗೂ ಕಣ್ಣು ಹಾಯಿಸಿದಳು. ಈಗ ಅವಳಿಗೆ ಕತ್ತರಿಯವಳು ಬೇಕಾಗಿತ್ತು, ಹಿಡಿಯುವುದಕ್ಕಲ್ಲ. ಯಾವ ಗೋದಾಮು ಎಂದು ಕೂಡ ತಾನು ಕೇಳಿರಲಿಲ್ಲ.

ಕತ್ತರಿಯವಳು ಬಂದಳು. ಎಲ್ಲರೂ ಹೋಗುವ ಹೊತ್ತಿಗೆ, ಸಾಲಿನಲ್ಲಿ ನಿಲ್ಲುವ ಹಕ್ಕು ತನಗಿಲ್ಲ ಎನ್ನುವಂತೆ ಗೋಡೆಯ ಪಕ್ಕದಲ್ಲೇ ನಡೆದು ಬಂದು ನೇರ ಕಿಂಡಿಯ ಮುಂದೆ ನಿಂತಳು. ಹೆಗಲ ಮೇಲೆ ಮಗು. ಕೈಯಲ್ಲಿ ಗಂಟು. ಗಂಟು ಬಿಚ್ಚಿ ಕಟ್ಟೆಯ ಮೇಲೆ ಸುರಿದಳು. ಖಾಲಿ ಪೊಟ್ಟಣಗಳು, ರಾಶಿ. ಕೊಳೆಯಾದವು, ಮಣ್ಣು ಮೆತ್ತಿದವು, ಇರುವೆ ಹತ್ತಿದವು.

ಟಿಕೆಟ್ ಮಾಮನಿಗೆ ಹಬ್ಬವಾಯಿತು. "ನೋಡಿದ್ರಾ ಡಾಕ್ಟ್ರಮ್ಮ! ಹೋದ ವಾರ ಇವಳಿಗೆ ನಾನು ಒಂದೂ ಕೊಟ್ಟಿಲ್ಲ. ಇಷ್ಟೊಂದು ಎಲ್ಲಿಂದ ಬಂತು?" ಸಂಯೋಜಕ ಕುತೂಹಲದಿಂದ ಹತ್ತಿರ ಬಂದ, ಪದ್ಧತಿ ಕೆಲಸ ಮಾಡುವುದನ್ನು ಅವನು ಕಣ್ಣಾರೆ ನೋಡಿರಲಿಲ್ಲ.

ಆಕೆ ಟಿಕೆಟ್ ಮಾಮನನ್ನು ನೋಡಲಿಲ್ಲ. ಒಂದು ಪೊಟ್ಟಣವನ್ನು ಎತ್ತಿ ಅದರ ಮೂಲೆಯನ್ನು ಡಾಕ್ಟರಮ್ಮನಿಗೆ ತೋರಿಸಿದಳು. "ಈ ಸಲ ಕತ್ತರಿ ಹಾಕಿಲ್ಲ ಅಮ್ಮಾ. ತೊಳೆದೂ ಇಲ್ಲ. ಹಲ್ಲಿನ ಗುರುತು ಇದೆ ನೋಡಿ, ಎಲ್ಲದ್ರಲ್ಲೂ ಇದೆ."

ಗೋದಾಮುಗಳ ಹಿಂದಿನ ಚರಂಡಿಯಲ್ಲಿ ಕೂತು ಆಯ್ದಿದ್ದಾಳೆ, ಪದ್ಧತಿ ಬರುವ ಮುಂಚೆ ಬೇರೆ ಬೇರೆ ಮಕ್ಕಳು ಕಚ್ಚಿ ಎಸೆದದ್ದನ್ನು. ಇಷ್ಟು ದಿನ ಇಲ್ಲದಿದ್ದ ಮೋಸವನ್ನು ಕೊನೆಗೂ ಮಾಡಿದ್ದಾಳೆ, ಅದನ್ನು ಕಲಿಸಿದವಳು ತಾನು. ಡಾಕ್ಟರಮ್ಮ ಕಟ್ಟೆ ದಾಟಿ ಬಂದು ಮಗುವಿಗೆ ಕೈ ಚಾಚಿದಳು. "ಕೊಡಿ," ಎಂದಳು. ಬಹುವಚನ ವಾಪಸು ಬಂದಿತ್ತು. ಅದು ಇನ್ನೂ ಅನುಮಾನ ಹುಟ್ಟಿಸುವಂತಿತ್ತೇನೋ, ಆಕೆ ಮಗುವನ್ನು ಕೊಡಲಿಲ್ಲ, ಹೆಗಲ ಮೇಲಿಂದ ಎದೆಗೆ ಇಳಿಸಿಕೊಂಡಳು ಅಷ್ಟೆ. ಮಗುವಿನ ಅಂಗಿ ಎತ್ತಿ ಡಾಕ್ಟರಮ್ಮ ಸ್ಟೆತಾಸ್ಕೋಪು ಇಟ್ಟಳು. ಟಾಕೀಸಿನಲ್ಲಿ ಮಾತುಗಳು ಇದ್ದವು, ಯಾರೋ ಬಕೀಟು ಎಳೆಯುತ್ತಿದ್ದರು. ಅವಳು ಕಣ್ಣು ಮುಚ್ಚಿದಳು. ಎರಡು ಬಡಿತಗಳ ನಡುವೆ ಮೌನ ಇರಬೇಕಾದ ಜಾಗದಲ್ಲಿ ಗರಗಸ ಎಳೆದಂಥ ಸದ್ದು, ಮತ್ತೆ, ಮತ್ತೆ. ಹುಡುಕಬೇಕಾದಷ್ಟು ಸಣ್ಣದೇನಲ್ಲ. ಕಿವಿ ಇದ್ದವರು ಯಾರಾದರೂ ಕೇಳಬಹುದಾಗಿತ್ತು. ಅವಳು ಕೈ ತೆಗೆಯದೆ ಬಗ್ಗಿದ ಹಾಗೇ ನಿಂತಳು.

ಆಕೆಯ ಧ್ವನಿ ತಲೆಯ ಮೇಲಿಂದ ಬಂತು, ಮೆಲ್ಲಗೆ: "ಅಲ್ಲೇನೂ ಬಚ್ಚಿಟ್ಟಿಲ್ಲ ಅಮ್ಮಾ."

ಡಾಕ್ಟರಮ್ಮ ಸಂಯೋಜಕನ ಕಡೆ ತಿರುಗಿದಳು. "ನಿಮ್ಮ ಗಾಡಿ ಬೇಕು. ಈಗಲೇ. ನಗರದ ಆಸ್ಪತ್ರೆಗೆ. ಹೃದಯದಲ್ಲಿ ತೂತಿದೆ."

"ಹೃದಯ ನಮ್ಮ ಕಾರ್ಯಕ್ರಮದಲ್ಲಿ ಬರಲ್ವಲ್ಲ ಡಾಕ್ಟ್ರೇ," ಎಂದ ಅವನು, ನಿಜವಾದ ವಿಷಾದದಿಂದಲೇ. "ಅಷ್ಟು ಅರ್ಜೆಂಟಿದ್ರೆ ಹೋದ ವಾರದ ಗಾಡೀಲಿ ಯಾಕೆ ಕಳಿಸ್ಲಿಲ್ಲ?"

"ಹೋದ ವಾರ ನಾನು ಇವರನ್ನ ಕಳ್ಳಿ ಅಂದು ಹೊರಗೆ ಕಳಿಸ್ದೆ."

ಸಂಯೋಜಕ ಪೋಸ್ಟರಿನ ಕಡೆಗೊಮ್ಮೆ, ಮಗುವಿನ ಕಡೆಗೊಮ್ಮೆ ನೋಡಿ, ಎರಡೂ ಒಂದೇ ಮುಖ ಎಂದು ಗೊತ್ತಾಗಿ, ಜೇಬಿನಿಂದ ಕೀ ತೆಗೆದು ಡ್ರೈವರಿಗೆ ಎಸೆದ. ಕರುಣೆಯೋ, ನಾಳೆ ಈ ಮಗು ಸತ್ತರೆ ಪೋಸ್ಟರಿನ ಗತಿ ಏನು ಎಂಬ ಭಯವೋ, ಡಾಕ್ಟರಮ್ಮ ಅದನ್ನು ಯೋಚಿಸಲು ಹೋಗಲಿಲ್ಲ. ಅಷ್ಟರಲ್ಲಿ ಕತ್ತರಿಯವಳು ಕಿಂಡಿಯ ಮುಂದೆ ಇರಲಿಲ್ಲ.

ರಸ್ತೆಯಲ್ಲಿ ಅವಳು ಹಿಂತಿರುಗಿ ನೋಡದೆ ಬಿರಬಿರನೆ ಹೋಗುತ್ತಿದ್ದಳು. ಡಾಕ್ಟರಮ್ಮ ಓಡಿದಳು, ಕೊರಳಲ್ಲಿ ಸ್ಟೆತಾಸ್ಕೋಪು ಬಡಿಯುತ್ತಿತ್ತು, ಅಂಗಡಿಗಳವರು ಎದ್ದು ನಿಂತು ನೋಡಿದರು. ಕಳ್ಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂದೇ ಅವರೆಲ್ಲ ತಿಳಿದಿರಬೇಕು. ತಾನು ಓಡುತ್ತಿರುವುದು ಮಗುವಿಗಾಗಿಯೋ, ಆಡಿದ ಮಾತನ್ನು ಅಳಿಸಿಕೊಳ್ಳುವುದಕ್ಕಾಗಿಯೋ ಎಂಬ ಅನುಮಾನವೂ ಅವಳ ಜೊತೆಯಲ್ಲೇ ಓಡಿತು. ಹಿಂದಿನಿಂದ ಗಾಡಿ ಬಂದು ನಿಂತಿತು.

"ಪೊಟ್ಟಣ ಬೇಡ ಅಮ್ಮಾ, ಬಿಡಿ," ಎಂದಳು ಆಕೆ, ಮಗುವನ್ನು ಅವುಚಿಕೊಂಡು. "ಮಗೂನ ಗಾಡಿ ಹತ್ತಿಸಲ್ಲ. ಹೋದ ವಾರ ಏನೂ ಆಗಿಲ್ಲ ಅಂದ್ರಿ. ಇವತ್ತು ತೂತು ಅಂತೀರ. ಯಾವ್ದನ್ನ ನಂಬ್ಲಿ?"

"ನೀವೂ ಬನ್ನಿ. ಮಗು ನಿಮ್ಮ ಕೈಯಲ್ಲೇ ಇರ್ಲಿ, ನಾನು ಮುಟ್ಟಲ್ಲ. ಅದರ ಎದೇಲಿ ಒಂದು ಸದ್ದು ಇದೆ. ಇರಬಾರದ ಸದ್ದು. ಹೋದ ವಾರ ನಾನು ಹೇಳಿದ್ದು ಸುಳ್ಳು."

ಆಕೆ ಬಹಳ ಹೊತ್ತು ಡಾಕ್ಟರಮ್ಮನ ಮುಖವನ್ನೇ ನೋಡಿದಳು, ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಆಮೇಲೆ ಗಾಡಿ ಹತ್ತಿದಳು. ಹತ್ತಿ, ಮಗುವನ್ನು ಡಾಕ್ಟರಮ್ಮನಿಂದ ದೂರದ ಕಿಟಕಿಯ ಕಡೆಗೆ ಮಾಡಿಕೊಂಡು ಕೂತಳು. ಅದರ ಎದೆಯ ಮೇಲೆ ಅಂಗೈ ಇಟ್ಟಳು, ದಿನಾ ಇಟ್ಟು ಅಭ್ಯಾಸವಿದ್ದವಳ ಹಾಗೆ.

"ಈ ಸದ್ದು ನಂಗೊತ್ತು," ಎಂದಳು. "ಕೈಯಿಟ್ರೆ ಬೆಕ್ಕು ಗುರುಗುಟ್ಟಿದ ಹಾಗೆ ತಾಗುತ್ತೆ. ಹುಟ್ಟಿದಾಗಿಂದ ಇದೆ. ಫೋಟೋ ತೆಗೆದ ದಿನ ನಿಮಗೆ ಹೇಳ್ಬೇಕು ಅಂತಾನೇ ಬಂದಿದ್ದೆ. ಅಷ್ಟರಲ್ಲಿ ನೀವೇ ಕಿವಿಗೆ ಹಾಕ್ಕೊಂಡು ಕೇಳಿದ್ರಿ. ಕೇಳಿ ನಗ್ತಾ ಇದ್ರಿ. ಸರಿ, ಏನೂ ಭಯ ಇಲ್ಲ ಅಂದ್ಕೊಂಡು ನಾನೂ ಸುಮ್ನಾದೆ."

ಡ್ರೈವರು ಗೇರು ಹಾಕಿದ. ಗಾಡಿ ಟಾಕೀಸಿನ ಮುಂದಿನಿಂದಲೇ, ನಗುವ ಆ ಪೋಸ್ಟರನ್ನು ದಾಟಿಯೇ ಹಾದು ಹೋಗಬೇಕಾಗಿತ್ತು. ಡಾಕ್ಟರಮ್ಮ ತಲೆ ಎತ್ತಲಿಲ್ಲ.